ದೂರು: ಮೊಲನ ಬೆಕ್ಕು ಅಂತ ಬರ್ಕೊಂಡು ನೋಡಿದ ನಿಮ್ಮ ಪೆಟ್ ಕ್ಲಿನಿಕ್ ಬಗ್ಗೆ

ಕ್ಲಿನಿಕ್ ಮ್ಯಾನೇಜರ್ ಅವರಿಗೆ,

ನಿನ್ನೆ ಬೆಳಿಗ್ಗೆ ನಿಮ್ಮಿಂದ ಮೆಸೇಜ್ ಬಂತು, "ನಿಮ್ಮ ಬೆಕ್ಕು ರಾಗಿಗೆ ವ್ಯಾಕ್ಸಿನ್ ಡ್ಯೂ ಇದೆ, ಇವತ್ತೇ ಬುಕ್ ಮಾಡಿ" ಅಂತ. ರಾಗಿ ಬೆಕ್ಕಲ್ಲ, ಮೊಲ. ಇದನ್ನ ನಿಮ್ಮ ಕೌಂಟರಲ್ಲಿ ಎರಡು ಸಲ, ಆಮೇಲೆ ಫೋನಲ್ಲಿ ಮೂರು ಸಲ ಹೇಳಿದೀನಿ. ಮೂರು ಸಲನೂ "48 ಗಂಟೆ ಒಳಗೆ ಡಾಕ್ಟರೇ ಕಾಲ್ ಮಾಡ್ತಾರೆ ಮೇಡಂ" ಅಂದ್ರಿ, ಮೂರು ವಾರ ಆಯ್ತು, ಯಾರೂ ಮಾಡಿಲ್ಲ. ಫೋನಲ್ಲೇ ಮುಗಿಸೋಣ ಅಂತ ಸುಮ್ಮನಿದ್ದೆ, ಆ ಮೆಸೇಜ್ ನೋಡಿದ ಮೇಲೆ ಆಗ್ಲಿಲ್ಲ.

ನಿಮ್ಮ ಬೋರ್ಡಲ್ಲಿ ಮೊಲದ ಚಿತ್ರ ಇದೆ. ಆಪಲ್ಲಿ "ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್ ಸ್ಪೆಷಲಿಸ್ಟ್" ಅಂತಿದೆ. ವಿಜಯನಗರದಿಂದ ಅಷ್ಟು ದೂರ ಆಟೋ ಮಾಡ್ಕೊಂಡು ಬಂದಿದ್ದು ಅದನ್ನ ನಂಬಿ. ಎಮರ್ಜೆನ್ಸಿ ಕೇಸ್ ಮೊದಲು ನೋಡ್ತೀವಿ ಅಂತಾನೂ ನಿಮ್ಮ ಗೋಡೆ ಮೇಲೇ ಬರೆದಿದೆ, ನಿಮ್ಮ ರೂಲ್ಸ್ ನಿಮಗೆ ಗೊತ್ತಿರುತ್ತೆ, ನಾನು ಹೇಳ್ಕೊಡಬೇಕಾಗಿಲ್ಲ.

ನಿಮ್ಮಲ್ಲಿಗೆ ಬಂದ ದಿನ ರಾಗಿ ಹಿಂದಿನ ರಾತ್ರಿಯಿಂದ ಹುಲ್ಲು ಮುಟ್ಟಿರ್ಲಿಲ್ಲ, ಒಂದು ಹಿಕ್ಕೆನೂ ಹಾಕಿರ್ಲಿಲ್ಲ, ಮೂಲೇಲಿ ಮುದುರ್ಕೊಂಡು ಹಲ್ಲು ಕಟಕಟ ಕಡೀತಿದ್ದ. ಮೊಲ ಸಾಕಿದವರಿಗೆ ಇದು ಏನು ಅಂತ ಗೊತ್ತು, ಕರುಳು ನಿಂತು ಹೋಗ್ತಿದೆ ಅಂತ, ಹೀಗೆ ಅರ್ಧ ದಿನ ತಿನ್ನದೇ ಇದ್ರೆ ಜೀವಕ್ಕೇ ಅಪಾಯ ಬರುತ್ತೆ. ಇದನ್ನೇ ಕೌಂಟರಲ್ಲಿ ಹೇಳಿದೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡ್ತಾನೇ "ಮೊಲ ಆಪ್ಷನ್ ಬರ್ತಿಲ್ಲ, ಕ್ಯಾಟ್ ಅಂತ ಹಾಕ್ತೀನಿ" ಅಂದ. ಬೇಡ, ಮೊಲ ಅಂತಾನೇ ಬರೀರಿ ಅಂದೆ. "ಏನ್ ವ್ಯತ್ಯಾಸ ಮೇಡಂ, ಕೂತ್ಕೊಳಿ" ಅಂದ. ಕೂತೆ. ನಮ್ಮ ಆಮೇಲೆ ಬಂದ ಎರಡು ನಾಯಿ ಉಗುರು ಕತ್ತರಿಸ್ಕೊಳ್ಳೋಕೆ ಒಳಗೆ ಹೋದವು. ಒಂದು ಗಂಟೆ ಹತ್ತು ನಿಮಿಷ ಆಯ್ತು, ಅಷ್ಟೂ ಹೊತ್ತು ಬೊಗಳೋ ನಾಯಿಗಳ ಮಧ್ಯೆ ಬುಟ್ಟಿಗೆ ನನ್ನ ದುಪಟ್ಟಾ ಮುಚ್ಚಿ ಮಡಿಲಲ್ಲಿ ಇಟ್ಕೊಂಡಿದ್ದೆ, ಒಳಗೆ ಅವನು ನಡುಗೋದು ನನ್ನ ಕೈಗೆ ಗೊತ್ತಾಗ್ತಿತ್ತು. ಎದ್ದು ಹೋಗಿ ಎಮರ್ಜೆನ್ಸಿ ಅಂತ ಮತ್ತೆ ಹೇಳಿದ್ದಕ್ಕೆ ಅದೇ ಹುಡುಗ ಎಲ್ಲರಿಗೂ ಕೇಳೋ ಹಾಗೆ "ಮೊಲ ತಾನೇ ಮೇಡಂ, ಇದರ ಟ್ರೀಟ್‌ಮೆಂಟ್ ದುಡ್ಡಲ್ಲಿ ಶಿವಾಜಿನಗರದಲ್ಲಿ ನಾಲ್ಕು ಹೊಸದು ತರಬಹುದು" ಅಂದ. ಕೂತಿದ್ದೋರು ನಕ್ಕರು. ನನ್ನ ಎಂಟು ವರ್ಷದ ಮಗಳು ಪಕ್ಕದಲ್ಲೇ ಇದ್ಲು, ಅವನಿಗೆ ರಾಗಿ ಅಂತ ಹೆಸರಿಟ್ಟಿದ್ದು ಅವಳೇ. "ಅಮ್ಮ, ಇವನನ್ನ ಇಲ್ಲೇ ಬಿಟ್ಟು ಬೇರೆದು ತರ್ತೀವಾ" ಅಂತ ಕೇಳಿದ್ಲು. ಆ ಕ್ಷಣ ನನಗೆ ಆದ ಅವಮಾನಕ್ಕಿಂತ ಅವಳ ಮುಖ ಈಗಲೂ ಕಣ್ಣೆದುರು ಬರುತ್ತೆ.

ಒಳಗೆ ಹೋದ್ರೆ ಇನ್ನೂ ಕಷ್ಟ. ಅಸಿಸ್ಟೆಂಟ್ ಅವನನ್ನ ಕಿವಿ ಹಿಡಿದು ಎತ್ತಿದ. ಹಿಂದಿನ ಕಾಲಿಗೆ ಆಸರೆ ಇಲ್ದೆ ಎತ್ತಿದಾಗ ಮೊಲ ಜೋರಾಗಿ ಒದ್ದರೆ ಬೆನ್ನುಮೂಳೆನೇ ಮುರಿಯಬಹುದು, ಇದು ಸ್ಪೆಷಲಿಸ್ಟ್ ಅನ್ನಿಸ್ಕೊಂಡ ಜಾಗದಲ್ಲಿ ನಾನು ಕೂಗಿ ಹೇಳಬೇಕಾಯ್ತು. ಡಾಕ್ಟರ್ ಬಾಯಿ ತೆಗೆದು ಹಿಂದಿನ ಹಲ್ಲು ನೋಡಲಿಲ್ಲ, ಹೊಟ್ಟೆ ಮುಟ್ಟಲಿಲ್ಲ, ಟೆಂಪರೇಚರ್ ತೆಗೀಲಿಲ್ಲ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಸಿರಪ್ ಬರೆದು, ನಾಳೆ ಬೆಳಿಗ್ಗೆವರೆಗೂ ಏನೂ ತಿನ್ನಿಸಬೇಡಿ, ಹೊಟ್ಟೆಗೆ ರೆಸ್ಟ್ ಕೊಡಿ ಅಂದ್ರು. ಮೊಲಕ್ಕೆ ಬಾಯಲ್ಲಿ ಅದನ್ನ ಕೊಟ್ರೆ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೆ ಅಪಾಯ ಅಂತ ಓದಿದೀನಿ ಸರ್, ಅಂದೆ, ಸರ್ ಅಂತಾನೇ ಅಂದೆ. "ಗೂಗಲ್ ನೋಡಿ ಡಾಕ್ಟರ್ ಆಗಿದೀರಾ? ಹಂಗಾದ್ರೆ ನನ್ನ ಹತ್ರ ಯಾಕೆ ಬಂದ್ರಿ?" ಅಂತ ಚೀಟಿ ಮೇಜಿನ ಮೇಲೆ ಎಸೆದ್ರು. ಬಿಲ್ 1,850 ರೂಪಾಯಿ. ಅದರಲ್ಲಿ "ಕ್ಯಾಟ್, ಫೀಮೇಲ್" ಅಂತಿದೆ. ರಾಗಿ ಗಂಡು.

ಅದೇ ಸಂಜೆ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಓದಿದ ಇನ್ನೊಬ್ಬ ಡಾಕ್ಟರ್ ಹತ್ರ ಓಡಿದ್ವಿ. ಸಣ್ಣ ಕ್ಲಿನಿಕ್, ಹೊರಗೆ ಯಾವ ಚಿತ್ರನೂ ಇಲ್ಲ. ಅವರು ಅವನನ್ನ ಟವಲಲ್ಲಿ ಸುತ್ತಿ ಮೊದಲು ಟೆಂಪರೇಚರ್ ನೋಡಿದ್ರು, 37.1 ಡಿಗ್ರಿ ಸೆಲ್ಸಿಯಸ್. ಮೊಲಕ್ಕೆ 38.5ರಿಂದ 40 ಇರಬೇಕು, ಮೈ ತಣ್ಣಗಾಗ್ತಿದೆ ಅಂತ ಬಿಸಿನೀರಿನ ಬ್ಯಾಗ್ ಇಟ್ರು. ಚರ್ಮದ ಕೆಳಗೆ ಡ್ರಿಪ್ ಕೊಟ್ರು, ನೋವಿಗೆ ಮೆಲಾಕ್ಸಿಕ್ಯಾಮ್ ಕೊಟ್ರು. ಕಿವಿ ನೋಡೋ ಟಾರ್ಚನ್ನೇ ಬಾಯೊಳಗೆ ಬಿಟ್ಟು ನೋಡಿದ್ರೆ ದವಡೆ ಹಲ್ಲು ಚೂಪಾಗಿ ಬೆಳೆದು ನಾಲಿಗೆ ಕೊರೀತಿತ್ತು. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ನಿಮ್ಮ ಡಾಕ್ಟರ್ ಎರಡು ನಿಮಿಷ ಬಾಯಿ ನೋಡಿದ್ರೆ ಸಿಕ್ತಿತ್ತು. ಉಪವಾಸ ಅಂತೂ ಬೇಡವೇ ಬೇಡ ಅಂದ್ರು, ಎರಡು ಮೂರು ಗಂಟೆಗೊಮ್ಮೆ ಸಿರಿಂಜಲ್ಲಿ ಹುಲ್ಲಿನ ಪುಡಿ ಕಲಸಿ ತಿನ್ನಿಸಿ ಅಂತ ಕೈ ಹಿಡಿದು ತೋರಿಸಿದ್ರು. ರಾತ್ರಿಯೆಲ್ಲಾ ಎದ್ದು ತಿನ್ನಿಸಿದ್ವಿ. ಬೆಳಗಿನ ಜಾವ ನಾಲ್ಕಕ್ಕೆ ಮಗಳು ಓಡಿ ಬಂದು "ಅಮ್ಮ, ಒಂದು ಹಿಕ್ಕೆ ಹಾಕಿದಾನೆ" ಅಂದಾಗ ನಾನು ಅಲ್ಲೇ ಕೂತು ಅತ್ತೆ. ಎರಡು ದಿನ ಆದ್ಮೇಲೆ ಅನಸ್ತೇಶಿಯಾ ಕೊಟ್ಟು ಹಲ್ಲು ಸರಿ ಮಾಡಿದ್ರು, ಈಗ ತಿಂತಿದಾನೆ.

ನೀವು ಹೇಳಿದ ಹಾಗೆ ಆ ಸಿರಪ್ ಹಾಕಿ ಉಪವಾಸ ಕೆಡವಿದ್ರೆ ಅವನು ಉಳೀತಿರ್ಲಿಲ್ಲ. ಮೊಲ ನೋಡೋಕೆ ಬರಲ್ಲ ಅಂತ ನೇರವಾಗಿ ಹೇಳಿದ್ರೆ ನಮಸ್ಕಾರ ಮಾಡಿ ವಾಪಸ್ ಹೋಗ್ತಿದ್ದೆ, ನಿಮ್ಮಲ್ಲಿ ಹಾಳಾದ ಹೊತ್ತು ಅವನಿಗೆ ಸಿಕ್ತಿತ್ತು. ಬೆಂಗಳೂರಲ್ಲಿ ನಾಯಿ ಬೆಕ್ಕು ಬಿಟ್ಟು ಬೇರೆ ಪ್ರಾಣಿ ಸಾಕಿದವರು ಒಬ್ಬ ಡಾಕ್ಟರಿಗಾಗಿ ಎಷ್ಟು ಅಲೀತಾರೆ ಅಂತ ನಿಮಗೆ ಗೊತ್ತು, ಗೊತ್ತಿದ್ದೇ ಆ ಚಿತ್ರ ಹಾಕಿದೀರಿ.

1,850 ವಾಪಸ್ ಕೊಡಿ. ಮೊಲ ನೋಡೋಕೆ ಬರೋ ಡಾಕ್ಟರ್ ಸಿಗೋವರೆಗೂ ಬೋರ್ಡಿಂದ, ಆಪಿಂದ ಮೊಲ ತೆಗೀರಿ. ಮಗಳಿಗೆ ಒಂದು ಕ್ಷಮೆ ಪತ್ರ ಬರೀರಿ, ಫೋನ್ ಬೇಡ. ಏಳು ದಿನ ಕಾಯ್ತೀನಿ. ಎಂಟನೇ ದಿನ ಡಾಕ್ಟರ್ ಮೇಲೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ, ನಿಮ್ಮ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹೋಗುತ್ತೆ. 5 ಲಕ್ಷದವರೆಗಿನ ಕೇಸಿಗೆ ಅಲ್ಲಿ ಫೀಸಿಲ್ಲ, ಲಾಯರ್ ಇಲ್ದೆ ನಾನೇ ನಿಂತು ಮಾತಾಡ್ತೀನಿ. ಚೀಟಿ ಇದೆ, ಎರಡನೇ ಡಾಕ್ಟರ್ ರಿಪೋರ್ಟ್ ಇದೆ, ನಿನ್ನೆಯ ಮೆಸೇಜೂ ಇದೆ. ಮೊಲನ ಹೆಣ್ಣು ಬೆಕ್ಕು ಅಂತ ಸೀಲ್ ಹೊಡೆದು ನೀವೇ ಕೊಟ್ಟ ಬಿಲ್ಲನ್ನ ಎಲ್ಲಕ್ಕಿಂತ ಮೇಲೆ ಇಡ್ತೀನಿ.

ಇಂತಿ,
ರಾಗಿ ಮನೆಯವರು, ವಿಜಯನಗರ