ಶವದ ವಾಸನೆ ಹಿಡಿಯುವ ನಾಯಿ ನಮ್ಮ ಭಾಗಕ್ಕೂ ಬೇಕು

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ನಮ್ಮ ಹೊಲದ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಜಾಲಿ ಪೊದೆಯಿಂದ ಕೆಟ್ಟ ವಾಸನೆ ಬರುತ್ತಿತ್ತು. ‘ಕುರಿ ಸತ್ತಿರಬೇಕು’ ಎಂದು ನಾವೆಲ್ಲ ಮೂಗು ಮುಚ್ಚಿಕೊಂಡು ದಾಟಿ ಹೋದೆವು. ಮೂರನೇ ದಿನ ಸಿಕ್ಕಿದ್ದು ಮನುಷ್ಯನ ಶವ. ಆ ಸಂಕಟ ನನಗಿನ್ನೂ ಹೋಗಿಲ್ಲ.

ನಮ್ಮ ಮೂಗಿಗೆ ಕುರಿ ಯಾವುದು, ಮನುಷ್ಯ ಯಾವುದು ತಿಳಿಯುವುದಿಲ್ಲ. ದೇಹ ಕೊಳೆಯುವಾಗ ಪುಟ್ರೆಸಿನ್, ಕಡಾವರಿನ್, ಗಂಧಕದ ಅನಿಲಗಳು ಹೀಗೆ ನೂರಾರು ರಾಸಾಯನಿಕಗಳು ಹೊರಬರುತ್ತವೆ. ಇವುಗಳಲ್ಲಿ ಎಷ್ಟೋ ಪ್ರಾಣಿಗಳ ಶವದಲ್ಲೂ ಇರುತ್ತವೆ. ಆದರೆ ತರಬೇತಾದ ನಾಯಿ ಒಟ್ಟು ವಾಸನೆಯಲ್ಲೇ ವ್ಯತ್ಯಾಸ ಹಿಡಿಯುತ್ತದೆ. ಶವ ಮಣ್ಣಡಿ ಇದ್ದರೂ, ಬೇರೆಡೆ ಸಾಗಿಸಿದ್ದರೂ ಸುಳಿವು ಕೊಡಬಲ್ಲದು. 2025ರಲ್ಲಿ ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆ ಸುರಂಗ ಕುಸಿದಾಗ ಕೇರಳ ಪೊಲೀಸರ ಇಂಥ ನಾಯಿಗಳನ್ನೇ ಕರೆಸಿದ್ದರು. ಅಷ್ಟು ದೂರದಿಂದ ಬರಬೇಕಾಯಿತು, ಅಲ್ವಾ?

ಹಾಗಂತ ನಾಯಿ ಬೊಗಳಿದ್ದೇ ಸಾಕ್ಷಿ ಆಗಬಾರದು. 2011ರಲ್ಲಿ ಅಮೆರಿಕದ ಫ್ಲಾರಿಡಾದ ಕೇಸೊಂದರಲ್ಲಿ ಕಾರಿನ ಹಿಂದಿನ ಡಿಕ್ಕಿಯೊಳಗಿನ ಗಾಳಿಯ ಪರೀಕ್ಷೆ ತೋರಿಸಿ, ಇದು ಶವದ ವಾಸನೆ ಎಂದು ಸರ್ಕಾರಿ ವಕೀಲರು ವಾದಿಸಿದರು. ಆದರೆ ಜ್ಯೂರಿ (ತೀರ್ಪು ಕೊಡುವ ನಾಗರಿಕರ ಮಂಡಳಿ) ಕೊಲೆ ಆರೋಪ ಒಪ್ಪಲಿಲ್ಲ. ವಾಸನೆ ಎಲ್ಲಿ ಹುಡುಕಬೇಕೆಂದು ತೋರಿಸಲಿ, ಉಳಿದದ್ದನ್ನು ಡಿಎನ್‌ಎ ಮತ್ತು ಪೋಸ್ಟ್‌ಮಾರ್ಟಂ ಹೇಳಲಿ.

ರಾಯಚೂರು, ಕೊಪ್ಪಳ, ಬಳ್ಳಾರಿಗೆ ಕೂಡಿ ಇಂಥ ಎರಡು ನಾಯಿಗಳಾದರೂ ಸದಾ ಸಿದ್ಧವಿರಬೇಕು. ನಮ್ಮ ಬಿಸಿಲಿಗೆ ಶವ ಬೇಗ ಕೊಳೆಯುತ್ತದೆ, ತಡವಾದಷ್ಟೂ ಸಾವಿನ ಕಾರಣ ತಿಳಿಯುವುದು ಕಷ್ಟ. ಊರಿನವರೂ ನಮ್ಮಂತೆ ಸುಮ್ನೆ ದಾಟಿ ಹೋಗದೆ 112ಕ್ಕೆ ಫೋನ್ ಮಾಡಿ.

– ಒಬ್ಬ ರೈತ, ಸಿಂಧನೂರು