ಮಗುವಿನ ಮಚ್ಚೆ ಅಳಿಸಿದ ಪಾಸ್‌ಪೋರ್ಟ್ ಫೋಟೋ: ಒಂದು ದೂರು

ಇವರಿಗೆ,
ಮಾಲೀಕರು,
ಫೋಟೋ ಸ್ಟುಡಿಯೋ, ಹಾಸನ

ವಿಷಯ: ನೀವು ತೆಗೆದುಕೊಟ್ಟ ಏಳು ತಿಂಗಳ ಮಗುವಿನ ಫೋಟೋ ಪಾಸ್‌ಪೋರ್ಟ್ ಕೌಂಟರ್‌ನಿಂದ ವಾಪಸ್ ಬಂದ ಬಗ್ಗೆ

ಮಾನ್ಯರೇ,

ನಾವು ಸಕಲೇಶಪುರದವರು. ಜೂನ್ ಎರಡನೇ ಶನಿವಾರ ಸಂಜೆ ನಿಮ್ಮ ಅಂಗಡಿಗೆ ಬಂದಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಮಗಳು. ಆವತ್ತು ನೀವು ಅಂಗಡಿಯಲ್ಲಿ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗನಿಗೆ ಮಾತ್ರ ನಮ್ಮ ನೆನಪು ಇದ್ದೇ ಇರುತ್ತದೆ. ಮಗು ಅವನ ಮೌಸ್ ಎಳೆದುಕೊಂಡು ಬಾಯಿಗೆ ಹಾಕಿಕೊಂಡಿತ್ತು.

ಒಳಗೆ ಬಂದವಳೇ ನಾನು ಹೇಳಿದ್ದು ಇಷ್ಟು: "ಮಗೂಗೆ ಪಾಸ್‌ಪೋರ್ಟ್ ಮಾಡಿಸ್ತಿದ್ದೀವಿ, ಅದಕ್ಕೆ ಫೋಟೋ ಬೇಕು." ಅವನು ಹೇಳಿದ್ದು: "ಪಾಸ್‌ಪೋರ್ಟ್ ಸೈಜ್ ತಾನೇ ಮೇಡಂ? ಎಂಟು ಕಾಪಿ, ನೂರು ರೂಪಾಯಿ." ನಾನು ಹೂಂ ಅಂದೆ. ಎಡವಟ್ಟು ಶುರುವಾಗಿದ್ದು ಅಲ್ಲೇ, ಆ 'ಸೈಜ್' ಅನ್ನೋ ಪದದಲ್ಲಿ.

ನಮ್ಮ ಕಡೆ ಪಾಸ್‌ಪೋರ್ಟ್ ಸೈಜ್ ಅಂದರೆ ಚಿಕ್ಕ ಫೋಟೋ, ಅಷ್ಟೇ. ಶಾಲೆಗೆ ಸೇರಿಸಲು ಅದೇ, ಬ್ಯಾಂಕ್ ಖಾತೆಗೆ ಅದೇ, ಸೊಸೈಟಿ ಸಾಲದ ಅರ್ಜಿಗೂ ಅದೇ. ಹಿಂದೆ ನೀಲಿ ಪರದೆ ಇದ್ದರೂ ನಡೆಯುತ್ತದೆ, ತಲೆ ಒಂಚೂರು ವಾಲಿದ್ದರೂ ಯಾರೂ ಕೇಳುವುದಿಲ್ಲ. ನನ್ನ ಪಿಯುಸಿ ಹಾಲ್ ಟಿಕೆಟ್‌ನಲ್ಲಿ ನಾನು ಅರ್ಧ ಕಣ್ಣು ಮುಚ್ಚಿದ್ದೇನೆ, ಪರೀಕ್ಷೆ ಬರೆದು ಪಾಸೂ ಆದೆ. ನಿಜವಾದ ಪಾಸ್‌ಪೋರ್ಟ್‌ಗೆ ಮಾತ್ರ ಇದು ಯಾವುದೂ ನಡೆಯುವುದಿಲ್ಲ.

ತಮಾಷೆ ಏನು ಗೊತ್ತಾ? ಪಾಸ್‌ಪೋರ್ಟ್ ಮಾಡಿಸಲು ದೊಡ್ಡವರು ಫೋಟೋ ತೆಗೆದುಕೊಂಡು ಹೋಗಬೇಕಾಗಿಯೇ ಇಲ್ಲ. ಸೇವಾ ಕೇಂದ್ರದ ಕೌಂಟರ್‌ನಲ್ಲೇ ಕೂರಿಸಿ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಹೊರಗಡೆ ತೆಗೆಸಿ ಪ್ರಿಂಟ್ ಕೊಡಬೇಕು: 4.5 ಸೆಂಟಿಮೀಟರ್ ಎತ್ತರ, 3.5 ಅಗಲ, ಹಿಂದೆ ಬಿಳಿ. ಅಂದರೆ ನಿಮ್ಮ ಬೋರ್ಡ್‌ನಲ್ಲಿ ಕೆಂಪು ಅಕ್ಷರದಲ್ಲಿ ಬರೆದಿರುವ 'ಪಾಸ್‌ಪೋರ್ಟ್ ಫೋಟೋ' ನಿಜವಾಗಿ ಬೇಕಾಗಿರುವುದು ಇಂಥ ಹಾಲು ಕುಡಿಯುವ ಮಕ್ಕಳಿಗೇ. ಅವರ ಫೋಟೋ ಹೇಗೆ ತೆಗೆಯಬೇಕು ಅನ್ನುವುದೇ ನಿಮ್ಮ ಅಂಗಡಿಯಲ್ಲಿ ಗೊತ್ತಿಲ್ಲ.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಅತ್ತೆ ಮಗುವಿನ ಹಣೆಗೆ ಒಂದು, ಎಡಗೆನ್ನೆಗೆ ಒಂದು ದೃಷ್ಟಿ ಬೊಟ್ಟು ಇಟ್ಟಿದ್ದರು. ಕೆನ್ನೆಯದು ನಾಲ್ಕಾಣೆ ಅಗಲ. ಅಷ್ಟು ದೂರ ಬಸ್ಸಲ್ಲಿ ಹೋಗುವಾಗ ಬರೀ ಮುಖದಲ್ಲಿ ಕರೆದುಕೊಂಡು ಹೋಗ್ತಾರಾ ಅನ್ನುವುದು ಅವರ ಮಾತು. ಫೋಟೋಗೆ ಅದು ಇರಬಾರದು ಅಂತ ನನಗೆ ಗೊತ್ತಿತ್ತು. ಒದ್ದೆ ಬಟ್ಟೆ ತೆಗೆದು ಒರೆಸಲು ಹೋದೆ. ಮಗು ಕಿರುಚಿಕೊಂಡಿತು. ನಿಮ್ಮ ಹುಡುಗ ಎದ್ದು ಬಂದು "ಬಿಡಿ ಮೇಡಂ, ಯಾಕೆ ಅಳಿಸ್ತೀರಾ, ಕಂಪ್ಯೂಟರಲ್ಲಿ ತೆಗೀತೀನಿ" ಅಂದ. ಅತ್ತೆಗೆ ಖುಷಿ, ನನಗೂ ತಲೆನೋವು ತಪ್ಪಿತು ಅನ್ನಿಸಿತು. ಆಗಲೇ ಬೇಡ ಅನ್ನಬೇಕಿತ್ತು.

ಯಜಮಾನರ ತೊಡೆ ಮೇಲೆ ಕೂರಿಸಿ, ಹಿಂದೆ ನೀಲಿ ಪರದೆ ಬಿಟ್ಟು, ಎರಡು ಸಲ ಫ್ಲ್ಯಾಶ್ ಹೊಡೆದ. ಇಪ್ಪತ್ತು ನಿಮಿಷದಲ್ಲಿ ಕವರ್ ಕೈಗೆ ಬಂತು. ಹೊರಗೆ ಮಳೆ, ಬಸ್ಸಿಗೆ ಹೊತ್ತಾಗಿತ್ತು. ನೋಡದೆ ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಬಿಚ್ಚಿದರೆ, ಅತ್ತೆ ಕೇಳಿದ್ದು ಒಂದೇ ಮಾತು: "ಇದು ಯಾರ ಮಗು?"

ನಮ್ಮ ಮಗಳು ಅಪ್ಪನ ಹಾಗೆ ಕಪ್ಪು. ಫೋಟೋದಲ್ಲಿ ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದಾಳೆ. ಕೆನ್ನೆಗೆ ಪಿಂಗಾಣಿ ಬಟ್ಟಲಿನ ಹೊಳಪು ಬಂದಿದೆ. ಹಿಂದಿನ ನೀಲಿ ತೆಗೆದು ಬಿಳಿ ಹಾಕುವಾಗ ಎಡಕಿವಿ ಅರ್ಧ ಹೋಗಿದೆ. ಕೂದಲಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಭುಜದ ಹತ್ತಿರ ಯಜಮಾನರ ಹೆಬ್ಬೆರಳು ಹಾಗೇ ಉಳಿದುಕೊಂಡಿದೆ, ಅದಕ್ಕೂ ಬಿಳಿ ಬಳಿದು ಮುಚ್ಚಿದ್ದಾನೆ, ಗಂಟು ಬಂದ ಹಾಗೆ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆದೆ. ಎತ್ತರ 4 ಸೆಂಟಿಮೀಟರ್, ಅಗಲ 3.2.

ಇದೆಲ್ಲ ಹೋಗಲಿ. ಮಗುವಿನ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆ, ಸಾಸಿವೆ ಕಾಳಿನಷ್ಟು. ನಮ್ಮ ಮಾವನವರಿಗೂ ಅದೇ ಜಾಗದಲ್ಲಿ ಇತ್ತು. ಅವರು ಹೋಗಿ ಎರಡು ವರ್ಷ ಆಯಿತು. ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅತ್ತೆ ಮೊದಲು ನೋಡಿದ್ದೇ ಅದನ್ನು. ಕಾಡಿಗೆ ಅಳಿಸುವಾಗ ನಿಮ್ಮ ಹುಡುಗ ಮಚ್ಚೆಯನ್ನೂ ಅಳಿಸಿಬಿಟ್ಟಿದ್ದಾನೆ.

ಮಾರನೇ ದಿನ ಭಾನುವಾರ, ಸೋಮವಾರ ಬೆಳಗ್ಗೆ ಅಪಾಯಿಂಟ್‌ಮೆಂಟ್. ಏನೋ ಒಂದು ನಡೆಯುತ್ತದೆ ಅಂತ ಹಾಸನಕ್ಕೆ ಹೋದೆವು. ಕೌಂಟರ್‌ನಲ್ಲಿದ್ದವರು ಫೋಟೋ ನೋಡಿದರು, ಮಗುವನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಬೈಯಲಿಲ್ಲ. "ಅಳತೆ ಸರಿಯಿಲ್ಲ, ಎಡಿಟ್ ಬೇರೆ ಮಾಡಿದ್ದಾರೆ, ಬೇರೆ ತನ್ನಿ" ಅಂದರು. ಓಡಿ ನಿಮ್ಮ ಅಂಗಡಿಗೆ ಬಂದರೆ ಶಟರ್ ಎಳೆದಿತ್ತು. ಇನ್ನೊಂದು ಸ್ಟುಡಿಯೋ ಹುಡುಕುವಷ್ಟರಲ್ಲಿ ಮಗು ನಿದ್ದೆ ಹೋಯಿತು. ಕಣ್ಣು ತೆರೆದಿರಬೇಕು ಅನ್ನುವುದೂ ಒಂದು ನಿಯಮ ತಾನೇ. ಮುಖಕ್ಕೆ ನೀರು ಚಿಮುಕಿಸಿದೆವು, ಅಂಗಾಲು ಕೆರೆದೆವು, ಯಜಮಾನರು ಸೀಟಿ ಹೊಡೆದರು. ಏಳಲಿಲ್ಲ. ಎದ್ದಾಗ ನಮ್ಮ ಹೊತ್ತು ಮುಗಿದಿತ್ತು.

ಮುಂದಿನ ದಿನಾಂಕ ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಯಜಮಾನರು ದೋಹಾದಲ್ಲಿ ಕೆಲಸ ಮಾಡುವುದು, ಒಂದು ತಿಂಗಳ ರಜೆಯಲ್ಲಿ ಬಂದಿದ್ದರು. ಏಳನೇ ದಿನ ಅವರ ವಿಮಾನ. ಮಗುವಿನ ಅರ್ಜಿಯ ಅನುಬಂಧ ಡಿ ಅನ್ನುವ ಅಪ್ಪ-ಅಮ್ಮನ ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಮಾಡಿಟ್ಟಿದ್ದರು, ಅದೊಂದು ಪುಣ್ಯ. ಎರಡನೇ ಸಲ ನಾನೂ ಅತ್ತೆಯೂ ಮಗುವನ್ನು ಎತ್ತಿಕೊಂಡು ಆ ಮಳೆಯಲ್ಲಿ ನಲವತ್ತು ಕಿಲೋಮೀಟರ್ ಹೋಗಿ ಬಂದೆವು.

ಇಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಬರೆಸಿದ್ದು ನಿಮ್ಮ ಅಂಗಡಿಯವರು ಫೋನ್‌ನಲ್ಲಿ ಆಡಿದ ಮಾತು. "ಅವರು ಸುಮ್ನೆ ಹಾಗೆ ಹೇಳ್ತಾರೆ ಮೇಡಂ, ಎಲ್ಲರಿಗೂ ಇದೇ ಕೊಡೋದು. ಮಗು ಚೆನ್ನಾಗಿ ಕಾಣ್ತಿದೆ ಅಲ್ವಾ?"

ಚೆನ್ನಾಗಿ ಕಾಣಲಿ ಅಂತ ಯಾರು ಕೇಳಿದರು? ಮದುವೆ ಆಲ್ಬಮ್‌ಗೆ, ನಾಮಕರಣದ ಫ್ಲೆಕ್ಸ್‌ಗೆ ಏನು ಬೇಕಾದರೂ ಮಾಡಿ. ಪಾಸ್‌ಪೋರ್ಟ್ ಫೋಟೋ ಇರುವುದು ವಿಮಾನ ನಿಲ್ದಾಣದಲ್ಲಿ ಕೂತವರು ಎದುರಿಗಿರುವ ಮುಖಕ್ಕೂ ಕೈಯಲ್ಲಿರುವ ಪುಸ್ತಕಕ್ಕೂ ತಾಳೆ ನೋಡಲಿಕ್ಕೆ. ಈಗ ಬರುತ್ತಿರುವ ಇ-ಪಾಸ್‌ಪೋರ್ಟ್‌ನಲ್ಲಿ ಚಿಪ್ ಇದೆ, ಫೋಟೋ ಅದರೊಳಗೂ ಹೋಗುತ್ತದೆ. ಎಷ್ಟೋ ಕಡೆ ತಾಳೆ ನೋಡುವುದು ಮನುಷ್ಯರಲ್ಲ, ಯಂತ್ರ. ಅದು ಕಣ್ಣು, ಮೂಗು, ಬಾಯಿ ಎಲ್ಲೆಲ್ಲಿವೆ ಅಂತ ನೋಡಿ ಲೆಕ್ಕ ಹಾಕುತ್ತದೆ. ಅದಕ್ಕೇ ಐಸಿಎಒ ಅನ್ನುವ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಫೋಟೋಗೆ ನಿಯಮ ಮಾಡಿಟ್ಟಿದೆ. ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರ ಮಗುವಿಗೆ ದೋಹಾದಲ್ಲಿಯೇ ಪಾಸ್‌ಪೋರ್ಟ್ ಮಾಡಿಸುವಾಗ, ಮುಖ ಫೋಟೋದ ನೂರಕ್ಕೆ 80ರಿಂದ 85 ಭಾಗ ತುಂಬಿರಬೇಕು, ನೆರಳು ಇರಬಾರದು, ಬಾಯಿ ಮುಚ್ಚಿರಬೇಕು, ಚರ್ಮದ ಬಣ್ಣವನ್ನು ಕಂಪ್ಯೂಟರ್‌ನಲ್ಲಿ ಬದಲಾಯಿಸಬಾರದು ಅಂತ ಬರೆದೇ ಕೊಟ್ಟಿದ್ದರಂತೆ.

ಆವತ್ತು ಶನಿವಾರ ನಿಮ್ಮ ಅಂಗಡಿಯಲ್ಲಿ ನಮ್ಮ ಹಿಂದೆ ಒಬ್ಬ ಹಿರಿಯರು ನಿಂತಿದ್ದರು. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಲು ವೀಸಾ ಫೋಟೋ ಬೇಕು ಅಂದರು. ಅವರಿಗೂ ನಿಮ್ಮ ಹುಡುಗ ಅದೇ ಎಂಟು ಕಾಪಿ ಕೊಟ್ಟ, ಕನ್ನಡಕ ಹಾಕಿಸಿಯೇ. ಅಮೆರಿಕದವರಿಗೆ ಬೇಕಾಗಿರುವುದು 2 ಇಂಚು ಉದ್ದ, 2 ಇಂಚು ಅಗಲದ ಚೌಕ ಫೋಟೋ. ಕನ್ನಡಕವನ್ನು 2016ರ ನವೆಂಬರ್‌ನಿಂದಲೇ ಬಿಡುವುದಿಲ್ಲ. ನನಗೆ ಆಗ ಇದು ಗೊತ್ತಿದ್ದಿದ್ದರೆ ಅವರಿಗೆ ಹೇಳುತ್ತಿದ್ದೆ. ಪಾಪ, ಅವರು ಎಷ್ಟು ಓಡಾಡಿದರೋ.

ಕೊನೆಗೆ ನಡೆದ ಫೋಟೋ ಹೇಗೆ ತೆಗೆದೆವು ಅಂತ ಹೇಳುತ್ತೇನೆ, ನಿಮ್ಮ ಹುಡುಗನಿಗೆ ಉಪಯೋಗ ಆಗಬಹುದು. ಯಜಮಾನರು ಹೊರಡುವ ಹಿಂದಿನ ದಿನ, ಬೆಳಗ್ಗೆ ಹತ್ತು ಗಂಟೆ, ಮಳೆ ಸ್ವಲ್ಪ ಬಿಟ್ಟಿತ್ತು. ಕಿಟಕಿ ಪಕ್ಕ ಹಾಸಿಗೆ ಮೇಲೆ ಮಾವನವರ ಬಿಳಿ ಪಂಚೆ ಹಾಸಿದೆವು. ಒಗೆದ ಬಟ್ಟೆ ಒಂದೂ ಒಣಗಿರಲಿಲ್ಲ, ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿಟ್ಟಿದ್ದು ಅದೊಂದೇ. ಅಂಚು ಕಾಣದ ಹಾಗೆ ಮಡಚಿ, ಸುಕ್ಕು ಬಿಡಿಸಿ, ಮಗುವನ್ನು ಅಂಗಾತ ಮಲಗಿಸಿದೆವು. ಹೀಗಾದರೆ ಹಿಡಿದುಕೊಳ್ಳಲು ಕೈ ಬೇಡ, ಹಿಂದೆ ಗೋಡೆ ಮೇಲೆ ನೆರಳೂ ಬೀಳುವುದಿಲ್ಲ. ಯಜಮಾನರು ಸ್ಟೂಲ್ ಹತ್ತಿ ಮೊಬೈಲನ್ನು ನೇರ ಮೇಲಿನಿಂದ ಹಿಡಿದರು. ಫ್ಲ್ಯಾಶ್ ಇಲ್ಲ, ಬ್ಯೂಟಿ ಮೋಡ್ ಆಫ್. ನಾನು ಮೊಬೈಲ್ ಪಕ್ಕ ಬೀಗದ ಕೈ ಗೊಂಚಲು ಆಡಿಸಿದೆ. ಗೊಂಚಲು ಆಡುವಾಗ ನಗುತ್ತಾಳೆ, ಬಾಯಿ ತೆರೆಯುತ್ತಾಳೆ. ತಟ್ಟನೆ ನಿಲ್ಲಿಸಿದರೆ ಬಾಯಿ ಮುಚ್ಚಿ, ಕಣ್ಣು ಅಗಲ ಮಾಡಿ, ಎಲ್ಲಿ ಹೋಯಿತು ಅಂತ ನೋಡುತ್ತಾಳೆ. ಆ ಒಂದು ಕ್ಷಣ. ನಲವತ್ತು ತೆಗೆದಿದ್ದರಲ್ಲಿ ಎರಡು ಚೆನ್ನಾಗಿ ಬಂದವು.

ಕಾಡಿಗೆ? ಅದನ್ನು ಅತ್ತೆಯೇ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯಲ್ಲಿ ಮೆಲ್ಲಗೆ ಒರೆಸಿದರು. ಮಗು ಅಳಲೇ ಇಲ್ಲ. ಫೋಟೋ ಆದ ಮೇಲೆ ಪಾದಕ್ಕೆ ಒಂದು ಬೊಟ್ಟು ಇಟ್ಟು ಸಮಾಧಾನ ಮಾಡಿಕೊಂಡರು.

ಸಕಲೇಶಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅಳತೆಗೆ ಪ್ರಿಂಟ್ ಹಾಕಿಸಿದೆ. ನಲವತ್ತು ರೂಪಾಯಿ. ಕೌಂಟರ್‌ನಲ್ಲಿ ಒಂದೇ ಸಲಕ್ಕೆ ತೆಗೆದುಕೊಂಡರು.

ಈಗ ನಾನು ಕೇಳುವುದು. ನೂರು ರೂಪಾಯಿ ವಾಪಸ್ ಕೊಡಿ. ಎರಡನೇ ಸಲದ ಬಸ್ಸು, ಆಟೋ ಖರ್ಚು 460 ರೂಪಾಯಿ, ಅದನ್ನೂ ಕೊಡಿ. ಯಜಮಾನರ ರಜೆಗೆ ಬೆಲೆ ಕಟ್ಟಲು ಬರುವುದಿಲ್ಲ, ಬಿಟ್ಟಿದ್ದೇನೆ. ಮಗುವಿನ ಫೋಟೋ ನಿಮ್ಮ ಕಂಪ್ಯೂಟರ್‌ನಲ್ಲಿ ಇನ್ನೂ ಇದ್ದರೆ ತೆಗೆದುಹಾಕಿ. ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಇನ್ನೊಂದು: ಯಾರೇ ಬಂದು ಪಾಸ್‌ಪೋರ್ಟ್ ಫೋಟೋ ಅಂದರೂ "ಯಾವುದಕ್ಕೆ?" ಅಂತ ಒಂದು ಸಲ ಕೇಳಲು ಹುಡುಗನಿಗೆ ಹೇಳಿಕೊಡಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಮಗು ಅಳಬಾರದು ಅಂತಲೇ ಅವನು ಹಾಗೆ ಮಾಡಿದ್ದು. ದಯವಿಟ್ಟು ಅವನ ಸಂಬಳದಲ್ಲಿ ಹಿಡಿಯಬೇಡಿ.

ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಹಾಸನದಲ್ಲೇ ಇದೆ, 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಂತೂ ಇಲ್ಲ. ಮತ್ತೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಬೇಕು.

ಇಂತಿ,
ಮಗುವಿನ ತಾಯಿ
ಸಕಲೇಶಪುರ

ಲಗತ್ತು: ನಿಮ್ಮ ಬಿಲ್ಲಿನ ಜೆರಾಕ್ಸ್, ಮತ್ತು ನೀವು ಕೊಟ್ಟ ಫೋಟೋಗಳಲ್ಲಿ ಏಳು. ಎಂಟನೆಯದಕ್ಕೆ ಅತ್ತೆ ಕಾಡಿಗೆ ಕಡ್ಡಿಯಲ್ಲಿ ಮಚ್ಚೆ ಇಟ್ಟುಕೊಂಡುಬಿಟ್ಟಿದ್ದಾರೆ. ಅದನ್ನು ಕೊಡುವುದಿಲ್ಲವಂತೆ.