ಪ್ರಾಸ್ಟೇಟ್ ಕ್ಯಾನ್ಸರ್: ಎರಡನೇ ಅಭಿಪ್ರಾಯಕ್ಕೆ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. "ಬೇರೆ ಡಾಕ್ಟರಿಗೆ ತೋರಿಸಿದರೆ ಮೊದಲಿನವರು ಬೇಜಾರು ಮಾಡ್ಕೊಳ್ತಾರಾ?" ಎಂದು ಕೆಲವರು ಕೇಳಿದ್ದೀರಿ. ಸುಮ್ನೆ ಸಂಕೋಚ ಬೇಡ, ದೊಡ್ಡ ಆಸ್ಪತ್ರೆಗಳಲ್ಲಿ ಇದು ಮಾಮೂಲು.

ಆದರೆ ಬರೀ ರಿಪೋರ್ಟಿನ ಜೆರಾಕ್ಸ್ ಹಿಡಿದು ಹೋದರೆ ಸಾಲದು. ಬಯಾಪ್ಸಿ (ಗ್ರಂಥಿಯಿಂದ ತೆಗೆದ ತುಣುಕು) ನೋಡಿದ ಲ್ಯಾಬಿನಿಂದ ಗಾಜಿನ ಸ್ಲೈಡು, ಆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಕೇಳಿ ತಗೊಳ್ಳಿ. ಇನ್ನೊಬ್ಬ ಪ್ಯಾಥಾಲಜಿಸ್ಟ್ (ಸ್ಲೈಡು ಪರೀಕ್ಷಿಸುವ ಡಾಕ್ಟರ್) ನೋಡಿದಾಗ ಗ್ಲೀಸನ್ ಸ್ಕೋರ್, ಅಂದರೆ ಕ್ಯಾನ್ಸರ್ ಎಷ್ಟು ಜೋರಿನದು ಎಂದು ಹೇಳುವ ಅಂಕ, ಬದಲಾಗುವುದುಂಟು. 4+3 ಎಂದಿದ್ದದ್ದು ಕಡಿಮೆ ಜೋರಿನ 3+3 ಆದರೆ ಚಿಕಿತ್ಸೆಯ ದಾರಿಯೇ ಬೇರೆ ಅಲ್ವಾ? ಎಂಆರ್‌ಐ ಸಿಡಿ, ಹಳೆಯ ಪಿಎಸ್‌ಎ ರಕ್ತಪರೀಕ್ಷೆಯ ರಿಪೋರ್ಟುಗಳೂ ಜೊತೆಗಿರಲಿ. ಬ್ಲಾಕನ್ನು ಮಾತ್ರ ಕಾರಿನಲ್ಲಿ ಬಿಸಿಲಿಗೆ ಬಿಡಬೇಡಿ, ಅದು ಮೇಣ!

ಯುರಾಲಜಿಸ್ಟ್ (ಮೂತ್ರಾಂಗದ ಡಾಕ್ಟರ್) ಆಪರೇಷನ್ ಹೇಳಿದ್ದರೆ, ಇನ್ನೊಬ್ಬ ಯುರಾಲಜಿಸ್ಟ್‌ಗಿಂತ ರೇಡಿಯೇಷನ್ ಡಾಕ್ಟರನ್ನು ಕೇಳುವುದು ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ. ಹೊರಗೆ ಹರಡದೆ ಪ್ರಾಸ್ಟೇಟ್ ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಬಗ್ಗೆ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 2023ರಲ್ಲಿ ಹೇಳಿದ್ದು ನೋಡಿ: ಆಪರೇಷನ್, ರೇಡಿಯೇಷನ್, ಬರೀ ನಿಗಾ (ತಕ್ಷಣ ಚಿಕಿತ್ಸೆ ಮಾಡದೆ ಪರೀಕ್ಷಿಸುತ್ತಾ ಇರುವುದು), ಯಾವುದೇ ಆದರೂ 15 ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಸುಮಾರು ಮೂವರು. ಮೂತ್ರ ಸೋರುವುದು, ಲೈಂಗಿಕ ತೊಂದರೆ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ನಾಚಿಕೆ ಬಿಟ್ಟು ಕೇಳಿ. ಹೆಂಡತಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ದೂರದವರು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಜೊತೆ ಕೆಲಸ ಮಾಡುವ 'ನವ್ಯ'ದ ಮೂಲಕ ಆನ್‌ಲೈನಿನಲ್ಲೇ ಅಭಿಪ್ರಾಯ ಪಡೆಯಬಹುದು.

ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಅಥವಾ ಮೂತ್ರ ಕಟ್ಟಿದರೆ ಎರಡನೇ ಅಭಿಪ್ರಾಯಕ್ಕೆ ಕಾಯಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ರಿಪೋರ್ಟಿನ ಫೋಟೊ ಗುಂಪಿಗೆ ಹಾಕಬೇಡಿ, ಅದರಲ್ಲಿ ಹೆಸರು, ಫೋನ್ ನಂಬರ್ ಎಲ್ಲಾ ಇರುತ್ತದೆ.